ರಸಜ್ಞರ ಸವಾರಿ

ಅಕ್ಟೋಬರಿನ ಬೆಳಗ್ಗೆ ಇಟಲಿಯ ಲಾಂಗೆ ಗುಡ್ಡಗಳ ಮೇಲೆ ಮಂಜೂ ಇಳಿಯುತ್ತದೆ, ರಸಜ್ಞರೂ ಇಳಿಯುತ್ತಾರೆ. ಮಂಜಾದರೋ ಬಿಸಿಲೇರಿದ ಮೇಲೆ ಹೊರಟುಹೋಗುತ್ತದೆ.

ರಸಜ್ಞರ ಊರು ಷಿಕಾಗೊ ಇರಬಹುದು, ಮ್ಯೂನಿಕ್ ಇರಬಹುದು. ಕುಲ ಮಾತ್ರ ಒಂದೇ. ಬಾಡಿಗೆ ಕಾರು, ಲಿನನ್ ಅಂಗಿ, ಕೆಸರು ಕಂಡರಿಯದ ಬಿಳಿ ಬೂಟು. ಬರೋಲೊ ವೈನಿನ 11 ಗ್ರಾಮಗಳ ಹೆಸರು ಬಾಯಿಪಾಠ. ಲಾ ಮೊರ್ರಾದ ವೈನು ಮೃದು, ಸೆರ್ರಾಲುಂಗಾದ್ದು ಬಿಗುಮಾನದ್ದು ಎಂದು ದಾರಿಯುದ್ದಕ್ಕೂ ಹೆಂಡತಿಗೆ ಪಾಠ. ಕಾರು ಓಡಿಸುವುದು ಆಕೆಯೇ. ಹಾಗಾಗಿ ಸಂಜೆಯವರೆಗೂ ನೆಟ್ಟಗೆ ನಿಂತಿರುವ ಹೊಣೆಯೂ ಆಕೆಯದೇ.

ಇವರು ವೈನರಿಯ ಗೇಟು ದಾಟುವ ಗಳಿಗೆಗೇ ದ್ರಾಕ್ಷಿ ತುಂಬಿದ ಟ್ರ್ಯಾಕ್ಟರ್ ಹಿಂದಿನಿಂದ ಹಾರ್ನ್ ಹೊಡೆಯುತ್ತದೆ. ಬರೋಲೊ ಆಗುವುದು ನೆಬ್ಬಿಯೋಲೊ ದ್ರಾಕ್ಷಿಯಿಂದ. ಡೊಲ್ಚೆತ್ತೊ, ಬಾರ್ಬೆರಾ ಎಲ್ಲ ಕೊಯ್ದು ತೊಟ್ಟಿ ಸೇರಿದ ಮೇಲೆ, ಎಲ್ಲಕ್ಕಿಂತ ಕೊನೆಗೆ ಹಣ್ಣಾಗುವ ಹಟಮಾರಿ ಅದು. ಅಷ್ಟರಲ್ಲಿ ಮಳೆ ಹಿಡಿಯಿತೋ, ಕಾಯಿ ನೀರು ಕುಡಿದು ಉಬ್ಬುತ್ತದೆ, ಗೊಂಚಲು ಕೊಳೆಯುತ್ತದೆ, ವರ್ಷದ ದುಡಿಮೆ ನೀರುಪಾಲು. ನಿದ್ದೆಗೆಟ್ಟ ಮಾಲೀಕ ಮತ್ತೆ ಮತ್ತೆ ಆಕಾಶ ನೋಡುತ್ತಾನೆ. ಆತ ಧ್ಯಾನದಲ್ಲಿದ್ದಾನೆ ಎಂದುಕೊಂಡು ರಸಜ್ಞರು ತಾವೂ ಕಣ್ಣು ಮುಚ್ಚುತ್ತಾರೆ.

ಕಣ್ಣು ಬಿಟ್ಟೊಡನೆ ಮೊದಲ ಪ್ರಶ್ನೆ: "ತಾವು ಸಂಪ್ರದಾಯಸ್ಥರೋ, ಆಧುನಿಕರೋ?"

ಮದುವೆಮನೆಯಲ್ಲಿ ಎಣ್ಣೆ ಕಾದು ಹೊಗೆಯಾಡುತ್ತಿರುವಾಗ ಅಡುಗೆ ಭಟ್ಟರ ಕೈ ಹಿಡಿದು ಸಾರಿನ ಚರಿತ್ರೆ ಕೇಳಿದ ಹಾಗಾಯಿತು ಇದು. ಉತ್ತರಕ್ಕೂ ಕಾಯದೆ ರಸಜ್ಞರೇ ಹೇಳತೊಡಗುತ್ತಾರೆ. ಹಳಬರು ದೊಡ್ಡ ಸ್ಲಾವೋನಿಯನ್ ಓಕ್ ಪೀಪಾಯಿಗಳಿಗೆ ಅಂಟಿಕೊಂಡಿದ್ದರಂತೆ. ಹೊಸಬರು ಚಿಕ್ಕ ಫ್ರೆಂಚ್ ಪೀಪಾಯಿ ತಂದರಂತೆ. 1983ರಲ್ಲಿ ಎಲಿಯೊ ಆಲ್ತಾರೆ ಎಂಬವರು ಅಪ್ಪನ ಪೀಪಾಯಿಗಳನ್ನು ಯಂತ್ರಗರಗಸದಿಂದ ಕೊಯ್ದೇ ಹಾಕಿದರಂತೆ. ಅದೇ ಗುಡ್ಡದಲ್ಲಿ ಹುಟ್ಟಿ ಬೆಳೆದ ಮಾಲೀಕ, "ಹೌದೇ!" ಎನ್ನುತ್ತಾನೆ. ಇದಕ್ಕಿಂತ ದೊಡ್ಡ ಸೌಜನ್ಯವನ್ನು ನಾನು ಕಾಣೆ.

ಆಮೇಲೆ ಕೊಯ್ಲು. ಕೈಯಲ್ಲಿ ದುಡಿಯದೆ ಸಂಸ್ಕೃತಿ ತಿಳಿಯದು ಎಂಬುದು ರಸಜ್ಞರ ನಂಬಿಕೆ. ಅವರಿಗೊಂದು ಕತ್ತರಿ, ಒಂದು ಕ್ರೇಟು ಸಿಗುತ್ತದೆ. ಮಕೆದೋನಿಯಾದಿಂದ ಬಂದ ಕೂಲಿಯವರು ತಲೆಯೆತ್ತದೆ ಸಾಲು ಮುಗಿಸುವಷ್ಟರಲ್ಲಿ ಇವರು ಒಂದು ಗೊಂಚಲು ಕೊಯ್ದು, ಬೆಳಕಿಗೆ ಹಿಡಿದು, ಅದರ ಜೊತೆ ಫೋಟೊ ತೆಗೆಸಿಕೊಂಡಿರುತ್ತಾರೆ. ಬಳಿಕ ಒಂದು ಬೀಜ ಕಚ್ಚಿ, ಮುಖ ಕಿವುಚಿ, ತೀರ್ಪು ಕೊಡುತ್ತಾರೆ: "ಟ್ಯಾನಿನ್ ಮಾಗಿಲ್ಲ. ಇನ್ನೊಂದು ವಾರ ಬಿಡಬೇಕಿತ್ತು."

ಪಕ್ಕದ ಸಾಲಿನ ಹೆಂಗಸು ತುಂಬಿದ ಕ್ರೇಟು ಎತ್ತುತ್ತಾ ಕೇಳುತ್ತಾಳೆ: "ಹಾಗಾದ್ರೆ ಕೊಯ್ದಿದ್ದನ್ನೆಲ್ಲ ವಾಪಸ್ ಅಂಟಿಸೋದಾ ಸ್ವಾಮಿ?"

ರುಚಿ ನೋಡುವ ಕೋಣೆಯಲ್ಲಿ ರಸಜ್ಞರ ನಿಜವಾದ ಅವತಾರ. "ಈ ವರ್ಷದ ಬರೋಲೊ ಒಂದು ಗುಟುಕು ಸಿಕ್ಕೀತೇ?" ಕಾನೂನಿನ ಪ್ರಕಾರ ಬರೋಲೊ 38 ತಿಂಗಳು ಕಾಯಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲೇ. ಇದನ್ನು ಬಿಡಿಸಿ ಹೇಳಲು ಮಾಲೀಕನಿಗೆ ಪುರುಸೊತ್ತೆಲ್ಲಿ? ಹತ್ತಿರದ ತೊಟ್ಟಿಯ ನಲ್ಲಿ ತಿರುಗಿಸಿ, ಇನ್ನೂ ಬುರುಗು ಕಾರುತ್ತಿರುವ ಮಬ್ಬು ಸಿಹಿರಸವನ್ನೇ ಕೊಡುತ್ತಾನೆ. ರಸಜ್ಞರು ಗ್ಲಾಸು ತಿರುಗಿಸುವ ರಭಸಕ್ಕೆ ಅರ್ಧ ಲಿನನ್ ಅಂಗಿಯ ಪಾಲು. ಉಳಿದರ್ಧದಲ್ಲಿ ಮೂಗು ಮುಳುಗಿಸಿ ಉದ್ಗರಿಸುತ್ತಾರೆ: "ಡಾಂಬರು... ಒಣಗಿದ ಗುಲಾಬಿ..."

ಹಳೆಯ ಬರೋಲೊ ಬಗ್ಗೆ ಪುಸ್ತಕಗಳು ಹೀಗೆ ಬರೆಯುವುದುಂಟು. ಅಲ್ಲಿ ಡಾಂಬರು ಹೊಗಳಿಕೆಯ ಮಾತು. ಆದರೆ ಆ ತೊಟ್ಟಿಯಲ್ಲಿದ್ದದ್ದು ಬಾರ್ಬೆರಾ. ಯಾರೂ ತುಟಿ ಬಿಚ್ಚುವುದಿಲ್ಲ. ಉಗುಳುವ ಪಾತ್ರೆಯೂ ಅಲ್ಲೇ ಇದೆ. ಬೆಳಗಿನ ವೈನರಿಗಳಲ್ಲಿ ರಸಜ್ಞರು ನಿಯಮದಂತೆ ಉಗುಳಿದ್ದರು. ಮಧ್ಯಾಹ್ನದ ಮೇಲೆ ಉಗುಳುವುದು ರೈತನಿಗೆ ಮಾಡುವ ಅವಮಾನ ಅನ್ನಿಸತೊಡಗುತ್ತದೆ.

ಇಷ್ಟಾದರೂ ಇವರನ್ನು ಯಾಕೆ ಒಳಗೆ ಬಿಡುತ್ತಾರೆ? ಒಂದು ಕಾಲಕ್ಕೆ ಈ ಗುಡ್ಡದ ಮಕ್ಕಳು ಬಡತನ ತಾಳದೆ ಟ್ಯೂರಿನ್ನಿನ ಫಿಯೆಟ್ ಕಾರ್ಖಾನೆಗೋ, ಆಲ್ಬಾದ ಫೆರೆರೊ ಚಾಕೊಲೇಟ್ ಕಾರ್ಖಾನೆಗೋ ಇಳಿದುಹೋಗುತ್ತಿದ್ದರು. ಈಗ ಇದೇ ತೋಟಗಳಿಗೆ 2014ರಿಂದ ಯುನೆಸ್ಕೊ ಮಾನ್ಯತೆಯಿದೆ. ರಸಜ್ಞರು ಬಾಯಿ ಎಷ್ಟು ಧಾರಾಳವಾಗಿ ಬಿಚ್ಚುತ್ತಾರೋ ಪರ್ಸನ್ನೂ ಅಷ್ಟೇ ಧಾರಾಳವಾಗಿ ಬಿಚ್ಚುತ್ತಾರೆ. ಎರಡರಲ್ಲಿ ಒಂದಕ್ಕಾಗಿ ಇನ್ನೊಂದನ್ನು ಸಹಿಸಬೇಕು.

ಅವರು ಡಾಂಬರಿನಲ್ಲಿ ತಲ್ಲೀನರಾಗಿದ್ದಾಗ ಹೆಂಡತಿ ಅಡುಗೆಮನೆಗೆ ಹೋಗಿ ಅಜ್ಜಿಯೊಡನೆ ಕೂಲಿಯವರ ಊಟಕ್ಕೆ ತಟ್ಟೆ ಜೋಡಿಸಿ, "ನೀವು ಮನೆಮಂದಿ ದಿನಾ ಊಟಕ್ಕೆ ಯಾವುದು ಕುಡೀತೀರಿ?" ಎಂದು ಕೇಳಿಕೊಂಡು ಬಂದಿದ್ದಾರೆ. ಬರೋಲೊ ಬೆಲೆಯ ಹತ್ತಿರಕ್ಕೂ ಬಾರದ ಡೊಲ್ಚೆತ್ತೊದ ಪೆಟ್ಟಿಗೆಯೊಂದು ಆಗಲೇ ಡಿಕ್ಕಿ ಸೇರಿದೆ. ಗಂಡನಿಗೆ ಹೇಳಿಲ್ಲ. ಹೇಳಿದರೆ ಅದಕ್ಕೂ ಒಂದು ಉಪನ್ಯಾಸ.

ರಸಜ್ಞರೀಗ ಮುಂದಿನ ಸೀಟಿನಲ್ಲಿ ಒರಗಿ ನಾಳೆಯ ಯೋಜನೆ ಹಾಕುತ್ತಿದ್ದಾರೆ. ಆಲ್ಬಾದ ಕಾಡಿನಲ್ಲಿ ಬಿಳಿ ಟ್ರಫಲ್ ಹುಡುಕುವ ನಾಯಿಯ ಜೊತೆ ನಡಿಗೆಯಂತೆ. ವಾಸನೆ ಹಿಡಿಯುವ ಕ್ರಮದ ಬಗ್ಗೆ ನಾಯಿಗೆ ಒಂದೆರಡು ಮಾತು ಹೇಳಬೇಕೆಂದಿದ್ದಾರೆ.