ಮೊದಲ ಹೇಳಲಿ, ಆಮ್ಯಾಲ ಬರೀಲಿ

ನಿಮ್ಮ ಸಣ್ಣಾವಗ ಬರ್ಯಾಕ ಏನೂ ಹೊಳಿಯಂಗಿಲ್ಲ ಅಂತ ಮತ್ತೊಮ್ಮೆ ಅನಬ್ಯಾಡ ತಂಗಿ. ಬಾದಾಮಿಗೆ ಹೋಗಿ ಬಂದ ದಿನ ಇದ ಕಂಪೌಂಡ ಹಂತ್ಯಾಕ ನಿಂತು ನನಗ ಎಷ್ಟ ಚಂದ ಹೇಳಿದಾ ಗೊತ್ತೇನು? ಮೂರನೇ ಗುಹೆ ಮುಂದ ಒಂದು ಮಂಗ್ಯಾ ಅವರ ಸರ್ ಹೆಗಲಿನ ಚೀಲ ಕಸಗೊಂಡು, ಜಿಪ್ ಜಗ್ಗಿ ತಗದು, ಚುರಮರಿ ಪೊಟ್ಟಣ ಬಿಟ್ಟು ಹುಡುಗೂರ ಹೆಸರಿನ ಹಾಳಿ ತಗೊಂಡು ಬಂಡೆಗಲ್ಲು ಏರಿ ಕುಂತಿತಂತ. ಸರ್ ಕೆಳಗ ನಿಂತು, ನೆನಪಿಲೆ ಒಬ್ಬೊಬ್ಬರ ಹೆಸರು ಕೂಗಿ ಎಣಿಸಿಕೊಂಡ್ರಂತ. ಮರುದಿನ ಸಾಲ್ಯಾಗ ಕೊಟ್ಟ ವಿಷಯ ಏನು? ‘ಪ್ರವಾಸದ ಮಹತ್ವ’. ‘ಪ್ರವಾಸವು ನಮ್ಮ ಜ್ಞಾನವನ್ನು ಹೆಚ್ಚಿಸುತ್ತದೆ’ ಅಂತ ಒಂದ ಸಾಲು ಬರದು ಪೆನ್ನಿನ ಟೊಪ್ಪಿಗಿ ಕಚಗೋತ ಕುಂತಾನ. ಎರಡನೇ ಸಾಲು ಎಲ್ಲಿಂದ ಬರಬೇಕು? ಮೊದಲನೇದ ಅವಂದಲ್ಲ.

ಇಷ್ಟು ವರ್ಷ ಸಾಲಿ ಕಲಿಸೀನಿ, ಹುಡುಗೂರ ತಲಿ ಖಾಲಿ ಇದ್ದದ್ದು ನಾ ನೋಡಿಲ್ಲ. ನಾವು ಕೊಡೂ ವಿಷಯನ ಅವರ ಕೈಗೆ ನಿಲಕಂಗಿಲ್ಲ. ನಮ್ಮ ಐಹೊಳಿ ಮೇಗುತಿ ಗುಡಿ ಗ್ವಾಡಿ ಮ್ಯಾಲ ರವಿಕೀರ್ತಿ ಅನ್ನೋ ಕವಿ 634ರಾಗ ಇಮ್ಮಡಿ ಪುಲಕೇಶಿಯ ಪರಾಕ್ರಮ ಸಂಸ್ಕೃತದಾಗ ಬರದಾನ. ಕಡೀಕ ತನ್ನನ್ನ ಕಾಳಿದಾಸ, ಭಾರವಿ ಜೋಡಿ ಹೋಲಿಸಿಕೊಂಡಾನ. ಪಂಡಿತರ ಕೆಲಸ ಅದು. ಐದನೇ ಇಯತ್ತೆ ಹುಡುಗಗ ‘ನಮ್ಮ ದೇಶದ ಹಿರಿಮೆ’ ಬರಿ ಅಂದ್ರ, ಅಂಥಾದ್ದ ಒಂದು ಪ್ರಶಸ್ತಿ ಬರಿ ಅಂದಂಗ.

ಅದ ಬಾದಾಮ್ಯಾಗ ಅಗಸ್ತ್ಯತೀರ್ಥದ ದಂಡಿಗಿನ ಬಂಡೆ ನೋಡು. ಸುಮಾರು 700ನೇ ಇಸ್ವಿ ಹೊತ್ತಿಗೆ ಅಲ್ಲಿ ಕಪ್ಪೆ ಅರಭಟ್ಟ ಅನ್ನೋ ಒಬ್ಬ ಮನಷಾನ ಬಗ್ಗೆ ಕೆತ್ಯಾರ. ಒಳ್ಳೆಯವರ ಜೋಡಿ ಹೆಂಗಿದ್ದ, ಕೆಡಕರ ಜೋಡಿ ಹೆಂಗಿದ್ದ ಅಂತ ಅವನ ಸ್ವಭಾವ ಹೇಳ್ಯಾರ. ಕನ್ನಡದಾಗ ನಮಗ ಸಿಕ್ಕಿರೋ ತೀರ ಹಳೇ ತ್ರಿಪದಿ ಅದರಾಗ ಐತಿ. ನಿಮ್ಮ ಅತ್ತಿಯವರು ಬೀಸುಕಲ್ಲಿನ ಮುಂದ ಕುಂತು ಹಾಡ್ತಿದ್ರಲ್ಲ, ಅದೂ ತ್ರಿಪದಿನ. ಇದನ್ನ ಹಿಡಕೊಂಡು ನಾ ವರ್ಗದಾಗ ಒಂದು ಕೆಲಸ ಕೊಡತಿದ್ದೆ. ನಿಮ್ಮ ಓಣ್ಯಾಗಿನ ಒಬ್ಬರನ್ನ ಆರಿಸಿಕೋರಿ. ಯಾರ ಜೋಡಿ ಮೆತ್ತಗ, ಯಾರ ಜೋಡಿ ಬಿರುಸು, ಮೂರ ಸಾಲಿನ್ಯಾಗ ಬರೀರಿ, ಪ್ರಾಸ ಬ್ಯಾಡ. ಒಬ್ಬ ಹುಡುಗಿ ಹಾಲಿನಾಕಿ ಬಗ್ಗೆ ಬರದ್ಲು: ದೊಡ್ಡವರಿಗೆ ಅಳತಿ ತಪ್ಪಂಗಿಲ್ಲ, ಬೆಕ್ಕಿಗೆ ಅಳತೀನ ಇಲ್ಲ, ನಮ್ಮಪ್ಪಗ ಉದ್ರಿ ಇಲ್ಲ. ಆ ಹಾಲಿನಾಕಿ ನನಗ ಇವತ್ತಿಗೂ ಕಣ್ಣಿಗೆ ಕಟ್ಟತಾಳ.

ಇಳಕಲ್ಲದಾಗ ಇದ್ದಾಗ ಒಬ್ಬ ನೇಕಾರರ ಹುಡುಗ ‘ನಮ್ಮ ಊರು’ ಅಂದ್ರ ಗ್ರಾನೈಟು, ಸೀರಿ, ಮಠ ಅಂತ ಮೂರು ಮಾತು ಬರದು ನಿಂತಿದ್ದ. ‘ನಿಮ್ಮವ್ವ ಮುಂಜಾನೆದ್ದು ಏನ ಮಾಡತಾಳೋ?’ ಅಂತ ಕೇಳಿದೆ. ‘ಕೊಂಡಿ ಹಾಕತಾಳ್ರಿ ಅಕ್ಕೋರ’ ಅಂದ. ಹೆಂಗ ಹಾಕತಾಳ ಅಂದದ್ದ ತಡ, ಹುಡುಗನ ಎರಡೂ ಕೈ ಗಾಳ್ಯಾಗ ಆಡಾಕ ಹತ್ತಿದುವು. ಸೀರಿ ಮೈಯ ಹಾಸಿನ ಎಳಿ ಬ್ಯಾರೆ, ಸೆರಗಿನ ರೇಷ್ಮಿ ಎಳಿ ಬ್ಯಾರೆ. ಒಂದರ ಕುಣಿಕ್ಯಾಗ ಇನ್ನೊಂದರ ಕುಣಿಕಿ ಸಿಗಿಸಿ ಎಲ್ಲಾ ಎಳಿ ಕೂಡಿಸಬೇಕು. ಹಿಂಗಾಗಿ ಆ ಹಾಸು ಒಂದ ಸೀರಿಗಷ್ಟ ತಯಾರಾಗತೈತಿ. ‘ಈಗ ಹೇಳಿದ್ದ ಬರಿ’ ಅಂದೆ. ಎರಡು ಪುಟ ತುಂಬಿತು. ಕೊಂಡಿ ಹಾಕುವಾಗ ಅವ್ವನ್ನ ಮಾತಾಡಿಸಿದ್ರ ಬೈತಾಳ ಅನ್ನೋದೂ ಅದರಾಗ ಇತ್ತು. ಊರಿನ ಬಗ್ಗೆ ಅದಕ್ಕಿಂತ ಚಲೋ ಪ್ರಬಂಧ ನಾ ಓದಿಲ್ಲ.

ನಿಮ್ಮ ಮನ್ಯಾಗ ಏನ ಕಡಿಮಿ ಐತಿ? ಆಲಮಟ್ಟಿ ಹಿನ್ನೀರು ಹಳೇ ಬಾಗಲಕೋಟಿಗೆ ಬಂದಾಗ ನಿಮ್ಮ ಮಾವನವರು ತಲಬಾಗಲ ಕಿತ್ತು ತಂದು ಈ ನವನಗರದ ಮನಿಗೆ ಹಚ್ಚ್ಯಾರ. ಚೌಕಟ್ಟಿನ ಎಡಕ್ಕ, ನಿನ್ನ ಗಂಡ ಸಣ್ಣಾವಿದ್ದಾಗ ಎತ್ತರ ಅಳದು ಚಾಕುಲೆ ಕೊರದ ಗೆರಿ ಇನ್ನೂ ಅದಾವ. ಸಣ್ಣಾವ ದಿನಾ ಅದನ್ನ ದಾಟಿ ಸಾಲಿಗೆ ಹೋಗತಾನ. ಆ ಗೆರಿ ಯಾರದು, ಬಾಗಲ ಯಾರು ಹೊತ್ತು ತಂದ್ರು, ಅಲ್ಲೆ ಏನೇನು ಬಿಟ್ಟು ಬಂದ್ರು ಅಂತ ಆಯಿನ್ನ ಕೇಳಲಿ. ಆಯಿ ಹೇಳಿದ್ದರಾಗ ತನಗ ಬೆರಗಾದದ್ದು ಒಂದು ಬರೀಲಿ, ಸಾಕು.

ರಷ್ಯಾದ ಟಾಲ್‌ಸ್ಟಾಯ್ ತನ್ನೂರು ಯಾಸ್ನಾಯ ಪೊಲ್ಯಾನಾದಾಗ ರೈತರ ಮಕ್ಕಳಿಗೆ ಸಾಲಿ ತಗದಿದ್ದ. ಒಂದು ಗಾದಿ ಮಾತು ಕೊಟ್ಟು ಕಥಿ ಬರೀರಿ ಅಂದ್ರ ಹುಡುಗೂರು ಒಪ್ಪಲಿಲ್ಲ. ಆಗ ತಾನ ಬರ್ಯಾಕ ಕುಂತ. ಹುಡುಗೂರು ಬಂದು ಇಣಕಿ ನೋಡಿ, ಹಂಗಲ್ಲ ಹಿಂಗ ಅಂತ ತಿದ್ದಾಕ ಸುರು ಮಾಡಿದ್ರು. ಕಡೀಕ ಅವರು ಹೇಳತಾ ಹೋದ್ರು, ಅವ ಬರಕೋತ ಹೋದ. ರೈತರ ಮಕ್ಕಳು ನಮ್ಮಿಂದ ಬರಿಯೂದು ಕಲೀಬೇಕೋ, ನಾವ ಅವರಿಂದ ಕಲೀಬೇಕೋ ಅಂತ 1862ರಾಗ ಒಂದು ಲೇಖನಾನ ಬರದ. ನೀನೂ ಒಂದೆರಡು ಸಲ ಹಂಗ ಮಾಡು: ಅವ ಹೇಳಲಿ, ನೀ ಬರಕೋ. ತನ್ನ ಮಾತು ಹಾಳಿ ಮ್ಯಾಲ ಕಂಡ್ರ ಮುಂದಿಂದು ತಾನ ಬರೀತಾನ.

ಇನ್ನೊಂದು ತೊಡಕೈತಿ. ಬಾಯಾಗ ‘ಹೋಗ್ಯಾನ’ ಇರತೈತಿ, ಹಾಳ್ಯಾಗ ‘ಹೋಗಿದ್ದಾನೆ’ ಆಗಬೇಕು. ಸಾಲು ಸಾಲಿಗೂ ನಿಂತು ವಿಚಾರ ಮಾಡೂದರಾಗ ಹೇಳೂದ ಮರತ ಹೋಗತೈತಿ. ಮೊದಲ ಸಲ ತನ್ನ ಮಾತಿನ್ಯಾಗ ಬರೀಲಿ. ಬನಶಂಕರಿ ಜಾತ್ರ್ಯಾಗ ನಿದ್ದಿಗೆಟ್ಟು ನಾಟಕ ನೋಡಿ ಬರತಾನಲ್ಲ, ಹಂಗ ಬರೇ ಮಾತುಗಳನ್ನ ಬರೀಲಿ: ನೀನೂ ಕಾಯಿಪಲ್ಲೆದಾಕೀನೂ ಮಾಡೂ ಚೌಕಾಶಿ. ‘ಸಂಪತ್ತಿಗೆ ಸವಾಲ್’ ನಾಟಕ ಬರದ ಧುತ್ತರಗಿಯವರು ಇಲ್ಲೇ ಸೂಳೇಭಾವಿಯವರು. 1974ರಾಗ ಅದು ರಾಜಕುಮಾರರ ಸಿನಿಮಾನೂ ಆತು. ಈ ಸುದ್ದಿ ಅವಗ ಹೇಳು, ಬರಿಯೋರು ಎಲ್ಲೋ ದೂರದ ಊರವರು ಅಂತ ತಿಳಕೊಂಡಾನ.

ಮತ್ತ ಅವ ಬರಿವಾಗ ಹಿಂದ ನಿಂದರಬ್ಯಾಡ. ಬರದದ್ದು ಓದಿ ತೋರಿಸಿದ್ರ ‘ಮುಂದೇನಾತು?’ ಅಂತ ಅಷ್ಟ ಕೇಳು. ಕಾಗುಣಿತ, ಒತ್ತಕ್ಷರ ಅಂತ ಅವತ್ತ ಕೆಂಪು ಪೆನ್ನು ಹಿಡೀಬ್ಯಾಡ. ರವಿವಾರ ಪುಸ್ತಕ ಕೊಟ್ಟು ಕಳಸು, ಅವನ್ನ ಬಾಜೂಕ ಕುಂದರಿಸಿಕೊಂಡು ನಾನ ತಿದ್ದತೇನಿ.