ಮಾಯಾರಾಜ್ಯಕ್ಕೊಂದು ನಕ್ಷೆ ಬೇಕಾಗಿದೆ

ಪುಣೆಯ ಕೋಥ್ರೂಡಿನಲ್ಲೊಬ್ಬ ಕನ್ನಡಿಗ ಟೆಕ್ಕಿ. ಹಗಲು ಹಿಂಜವಡಿಯಲ್ಲಿ ಕೋಡು, ರಾತ್ರಿ ಮನೆಯಲ್ಲಿ ಡ್ರ್ಯಾಗನ್ನು. ತಾನೇ ಹೆಣೆದ ಬೋರ್ಡ್ ಗೇಮಿಗೆ ನಕ್ಷೆ ಬರೆಸಲು ಸದಾಶಿವ ಪೇಠೆಯ ಕಲಾವಿದರ ಬಾಗಿಲು ತಟ್ಟಿದ. ನಾಲ್ಕು ಗಂಟೆಯ ನಂತರವೇ. ಆ ಊರಿನ ಮಧ್ಯಾಹ್ನದ ನಿದ್ದೆಯ ಮರ್ಯಾದೆ ಬಲ್ಲವನು.

“ನಿಮ್ಮ ನದಿ ಸಮುದ್ರದಿಂದ ಬೆಟ್ಟಕ್ಕೆ ಹರೀತಿದೆಯಲ್ಲ?”

“ಮಾಯಾನದಿ ಸರ್. ಬೋರ್ಡು ಐವತ್ತು ಸೆಂಟಿಮೀಟರ್ ಚೌಕ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಸ್ಕೆಚ್ಚನ್ನೇ ಹಿಗ್ಗಿಸಿ.”

“ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಬೇಕು. ಅಂದ್ರೆ ಒಂದೊಂದು ಬದಿಗೂ ಸುಮಾರು 5,900 ಪಿಕ್ಸೆಲ್. ಇದರಲ್ಲಿ ಡ್ರ್ಯಾಗನ್ನು ಹಲ್ಲಿಯಾಗಿದೆ.”

“ಟೋಲ್ಕೀನ್ ‘ದಿ ಹಾಬಿಟ್’ಗೆ ತಾನೇ ನಕ್ಷೆ ಬರೆದ.”

“ನೀವೂ ಬರೀರಿ, ನನ್ನ ಫೀಸು ಉಳೀತದೆ.”

“ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಆಟ ರಚಿಸಿದವರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆ ಆಟಗಳ ಚಿತ್ರಗಳಿವೆ.”

“ಅರಮನೆ ಇದೆಯೋ ನಿಮಗೆ?”

“ಎರಡು ಬಿಎಚ್‌ಕೆ. ಹಣದ ಬದಲು ಪೆಟ್ಟಿಗೆ ಮೇಲೆ ನಿಮ್ಮ ಹೆಸರು ಹಾಕಿಸ್ತೀನಿ.”

“ಕರೆಂಟ್ ಬಿಲ್ಲಿನ ಮೇಲೂ ನನ್ನ ಹೆಸರೇ ಇರ್ತದೆ.”

ಅಡ್ವಾನ್ಸು ಬಂತು, ಕರಾರುಪತ್ರ ಬರಲಿಲ್ಲ. ‘ನಂಬಿಕೆ ಸಾಕು’ ಅಂದನಂತೆ ಟೆಕ್ಕಿ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನಕ್ಷೆಯೂ ಕಲಾಕೃತಿ. ಅದರ ಹಕ್ಕು ಕೈ ಬದಲಿಸಲು ಬರವಣಿಗೆಯೂ ಸಹಿಯೂ ಬೇಕು.