ಶ್ರೀಮದ್ ಗಂಗಾವತೀವಾಸ ಗುಣದೋಷ ಮೀಮಾಂಸೆ

ಮನುಷ್ಯ ಎಲ್ಲಿ ವಾಸ ಮಾಡಬೇಕು ಎಂಬ ಜಿಜ್ಞಾಸೆ ಬಹಳ ಹಳೆಯದು. ಧನಿಕ, ಶ್ರೋತ್ರಿಯ, ರಾಜ, ನದಿ, ವೈದ್ಯ, ಈ ಐದೂ ಇಲ್ಲದ ಊರಲ್ಲಿ ಒಂದು ದಿನವೂ ನಿಲ್ಲಬಾರದೆಂದು ಚಾಣಕ್ಯನ ಹೆಸರಿನಲ್ಲಿ ಓಡಾಡುವ ನೀತಿಯೊಂದು ಹೇಳುತ್ತದೆ. ಗಂಗಾವತಿಯನ್ನು ಈ ಒರೆಗೆ ಹಚ್ಚಿ ನೋಡಿದೆವು. ಧನಿಕರಿದ್ದಾರೆ, ಅವರಿಗೆ ರೈಸ್‌ಮಿಲ್ಲುಗಳಿವೆ. ವೈದ್ಯರ ಬೋರ್ಡುಗಳು ಒಂದರ ಮೇಲೊಂದು ಏರಿ ಕೂತಿವೆ. ರಾಜ ಐದು ವರ್ಷಕ್ಕೊಮ್ಮೆ ಕೈಮುಗಿದುಕೊಂಡು ತಾನೇ ಮನೆಗೆ ಬರುತ್ತಾನೆ. ಶ್ರೋತ್ರಿಯನ ವಿಷಯದಲ್ಲಿ ಪಾಠಾಂತರಗಳಿವೆ. ನದಿ ಆನೆಗೊಂದಿಯ ಬಳಿ ಬಂಡೆಗಳ ನಡುವೆ ಹರಿಯುತ್ತದೆ. ಇಷ್ಟಾದರೂ ಆ ಪಟ್ಟಿಯಲ್ಲಿ ಕಾಲುವೆ ಇಲ್ಲ. ಕಾಲುವೆಯ ಹೆಸರೆತ್ತದ ಶಾಸ್ತ್ರ ಕೊಪ್ಪಳ ಜಿಲ್ಲೆಯಲ್ಲಿ ಪ್ರಮಾಣವಾಗಲಾರದು. ಆದ್ದರಿಂದ ಚಾಣಕ್ಯನನ್ನು ಸದ್ಯಕ್ಕೆ ಹೊರಗೆ ಕೂರಿಸಿ ಮುಂದುವರಿಯುತ್ತೇವೆ.

ಪೂರ್ವವಾಸಿಗಳ ಪ್ರಕರಣ

ಈ ಸೀಮೆಯಲ್ಲಿ ಮನೆ ಕಟ್ಟಿದ್ದಕ್ಕೆ ಬಹು ಹಳೆಯ ಸಾಕ್ಷಿ ಹಿರೇಬೆಣಕಲ್ಲಿನ ಮೋರೇರ ಗುಡ್ಡ. ಬೃಹತ್ ಶಿಲಾಯುಗದ ಜನ ಅಲ್ಲಿ ನೂರಾರು ಕಲ್ಲುಮನೆ ಎಬ್ಬಿಸಿದರು: ಸುತ್ತ ಚಪ್ಪಡಿ, ಮೇಲೊಂದು ಚಪ್ಪಡಿ, ಎದುರಿಗೆ ದುಂಡನೆಯ ಕಿಂಡಿ. ಬಚ್ಚಲಿಲ್ಲ, ಅಡುಗೆಮನೆ ಇಲ್ಲ, ಗಾಳಿಗೆ ದಾರಿ ಒಂದೇ. ಇವು ಸತ್ತವರಿಗಾಗಿ ಕಟ್ಟಿದವು ಎಂದು ಪುರಾತತ್ವಜ್ಞರು ತೀರ್ಮಾನಿಸಿದ್ದಾರೆ. ಊರೊಳಗಿನ ಬಾಡಿಗೆ ಕೋಣೆಗಳನ್ನು ಖುದ್ದು ಪರಿಶೀಲಿಸಿದ ನಮಗೆ ಆ ತೀರ್ಮಾನ ಅವಸರದ್ದೆನಿಸುತ್ತದೆ. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿತು. ಬಾಡಿಗೆ ಕೋಣೆಗಳು ಇನ್ನೂ ಸರದಿಯಲ್ಲಿವೆ.

ಇನ್ನು ತ್ರೇತಾಯುಗ. ಆನೆಗೊಂದಿಯ ಸುತ್ತಲಿನದೇ ಕಿಷ್ಕಿಂಧೆ ಎಂಬುದರಲ್ಲಿ ಇಲ್ಲಿ ಯಾರಿಗೂ ಸಂಶಯವಿಲ್ಲ. ಗಂಗಾವತಿಯನ್ನು ಕೇಂದ್ರ ಮಾಡಿ ಅದೇ ಹೆಸರಿನ ಜಿಲ್ಲೆ ಕೊಡಿ ಎಂಬ ಬೇಡಿಕೆಯೂ ಇದೆ. ಅಂದಿನ ನಿವಾಸಿಗಳ ಅನುಭವ ಮಾತ್ರ ಮಿಶ್ರ. ವಾಲಿ ಸುಗ್ರೀವರಿಗೆ ಅಣ್ಣತಮ್ಮಂದಿರ ಆಸ್ತಿ ವ್ಯಾಜ್ಯ. ರಾಮನಿಗೆ ಮಳೆಗಾಲವಿಡೀ ಗುಹೆವಾಸ. ಮಳೆ ನಿಂತ ಮೇಲೂ ಸುಗ್ರೀವ ಕೊಟ್ಟ ಮಾತು ಮರೆತು ಮೈಮರೆತಿದ್ದ. ಲಕ್ಷ್ಮಣ ಬಂದು ಗದರಬೇಕಾಯಿತು. ಆಗಿನ್ನೂ ಸೋನಾಮಸೂರಿ ಬಂದಿರಲಿಲ್ಲವಾದ್ದರಿಂದ ಈ ಮಂಪರಿಗೆ ಅನ್ನವನ್ನು ಹೊಣೆ ಮಾಡುವಂತಿಲ್ಲ. ಗೆದ್ದ ಮೇಲೆ ಮಾತು ಮರೆಯುವುದು ಈ ನೆಲದ ಗುಣವೋ ಅಧಿಕಾರದ ಗುಣವೋ ಎಂಬುದನ್ನು ಮತದಾರರ ವಿವೇಚನೆಗೆ ಬಿಡುತ್ತೇವೆ. ಅಂಜನಾದ್ರಿಯ 575 ಮೆಟ್ಟಿಲು ಹತ್ತುವವರ ಕೈಯಿಂದ ಬಾಳೆಹಣ್ಣು ಕಸಿಯುವವರು ಮೂಲನಿವಾಸಿಗಳು. ಪಹಣಿ ಕೇಳಿದರೆ ಹಲ್ಲು ತೋರಿಸುತ್ತಾರೆ.

ಮುಂದೆ ಕಂಪಿಲಿಯ ಕುಮಾರರಾಮ ಇದೇ ಸೀಮೆಯ ಕುಮ್ಮಟದುರ್ಗದಲ್ಲಿ ನೆಲೆಸಿದ. ದೆಹಲಿಯ ತುಘಲಕನ ದಂಡು ಬಂದು 1327ರ ಸುಮಾರಿಗೆ ಆ ರಾಜ್ಯ ಮುಗಿಯಿತು. ಜನ ಇದೇ ಕಾಲಕ್ಕೆ ಸೇರಿಸಿ ಹೇಳುವ ಇನ್ನೊಂದು ಕೋಟೆ ಹೇಮಗುಡ್ಡ. ಅಲ್ಲಿ ದುರ್ಗಾಪರಮೇಶ್ವರಿ ಇದ್ದಾಳೆ, ದಸರೆಗೆ ಆನೆ ಅಂಬಾರಿ ಹೊರಡುತ್ತದೆ, ಮೈಸೂರಿಗೆ ಹೋಗುವ ಖರ್ಚು ಉಳಿಯುತ್ತದೆ. ಇದು ಗುಣ. ಕೊಪ್ಪಳದ ದಾರಿಯಲ್ಲಿ ಅದೇ ಹೇಮಗುಡ್ಡದ ಹೆಸರಿನ ಟೋಲ್ ಗೇಟೂ ಇದೆ. ಇದು ದೋಷ. ಸಾಮ್ರಾಜ್ಯಗಳು ಬಿದ್ದರೂ ಸುಂಕದ ಕಟ್ಟೆ ಬೀಳದು ಎಂಬುದಕ್ಕೆ ಇತಿಹಾಸದ ವಿದ್ಯಾರ್ಥಿಗಳು ಇದಕ್ಕಿಂತ ಒಳ್ಳೆಯ ಆಕರ ಹುಡುಕಬೇಕಾಗಿಲ್ಲ.

ಕಾಲುವೆ ಪ್ರಕರಣ

ಈಗ ಮುಖ್ಯ ವಿಷಯ. 1945ರ ಫೆಬ್ರವರಿ 28ರಂದು ತುಂಗಭದ್ರೆಯ ಆಚೆ ದಡದಲ್ಲಿ ಮದ್ರಾಸಿನ ಗವರ್ನರ್, ಈಚೆ ದಡದಲ್ಲಿ ನಿಜಾಮನ ಮಗ ಒಂದೇ ಅಣೆಕಟ್ಟಿಗೆ ಎರಡು ಅಡಿಗಲ್ಲು ಇಟ್ಟರು. 1953ರಲ್ಲಿ ನೀರು ಹರಿಯಿತು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿಯನ್ನು ಭತ್ತದ ಕಣಜ ಮಾಡಿ ರಾಯಚೂರಿನ ಕಡೆ ಹೋಯಿತು. ಕರಾವಳಿ ಆಂಧ್ರದ ರೈತರು ಬಂದು ನೆಲ ಕೊಂಡು, ಮಟ್ಟ ಮಾಡಿ, ಕ್ಯಾಂಪುಗಳಲ್ಲಿ ನೆಲೆ ನಿಂತರು. ಜೋಳ ತಿನ್ನುತ್ತಿದ್ದ ಸೀಮೆ ಅನ್ನಕ್ಕೆ ಕೈಹಾಕಿತು. ಅಜ್ಜ ಅಗ್ಗಕ್ಕೆ ಮಾರಿದ ಹೊಲದ ಇಂದಿನ ದರವನ್ನು ಮೊಮ್ಮಗ ಚಹಾದಂಗಡಿಯಲ್ಲಿ ದಿನಾ ಲೆಕ್ಕ ಹಾಕುತ್ತಾನೆ. ಅಂಕಗಣಿತದಲ್ಲಿ ಈ ಊರು ಮುಂದಿರುವುದಕ್ಕೆ ಇದೇ ಕಾರಣವೆಂದು ನಮ್ಮ ಮತ.

ಗುಣಗಳನ್ನು ಒಂದು ಹಾಳೆಯಲ್ಲಿ, ದೋಷಗಳನ್ನು ಇನ್ನೊಂದು ಹಾಳೆಯಲ್ಲಿ ಬರೆಯಲು ಹೊರಟಾಗ ಶಾಸ್ತ್ರಕ್ಕೆ ತೊಡಕು ಬಂತು. ಎರಡೂ ಹಾಳೆಯ ಮೊದಲ ಸಾಲು ಒಂದೇ ಆಯಿತು: ಭತ್ತ. ಭತ್ತವಿದ್ದಲ್ಲಿ ಮಿಲ್ಲು, ಮಿಲ್ಲಿದ್ದಲ್ಲಿ ಕೂಲಿ, ಲಾರಿ, ಬ್ಯಾಂಕು, ಮದುವೆ ಮಂಟಪ. ಮಿಲ್ಲಿದ್ದಲ್ಲಿಯೇ ಹೊಟ್ಟು ಸುಟ್ಟ ಬೂದಿ. ಮಾಳಿಗೆಯ ಮೇಲೆ ಒಣಹಾಕಿದ ಬಿಳಿ ಅಂಗಿ ಸಂಜೆಗೆ ಚುಕ್ಕಿ ಅಂಗಿಯಾಗಿ ಇಳಿಯುತ್ತದೆ. ನೀರು ನಿಂತಲ್ಲಿ ನಾಟಿ, ನಾಟಿ ಆದಲ್ಲಿ ಸೊಳ್ಳೆ. ನೀರು ಹೆಚ್ಚಾದಲ್ಲಿ ಸವಳು. ನೆಲ ಉಪ್ಪೇರುವುದನ್ನು ಅಭ್ಯಾಸ ಮಾಡುವ ಕೃಷಿ ಸಂಶೋಧನಾ ಕೇಂದ್ರವೂ ಇದೇ ಗಂಗಾವತಿಯಲ್ಲಿದೆ. ರೋಗಿ ಇದ್ದಲ್ಲೇ ವೈದ್ಯ! ಹೊರಗೆ ಕೂತ ಚಾಣಕ್ಯನಿಗೆ ಇಷ್ಟು ಮಾತ್ರ ತಿಳಿಸತಕ್ಕದ್ದು.

ಬೆಂಗಳೂರಿನವರು ಪತ್ರಿಕೆ ಬಿಡಿಸಿ ಶೇರು ನೋಡುವ ಹೊತ್ತಿಗೆ ಇಲ್ಲಿನವರು ಡ್ಯಾಮಿನ ಮಟ್ಟ ನೋಡುತ್ತಾರೆ. 1633 ಅಡಿ ಮುಟ್ಟಿದರೆ ಮುಖದಲ್ಲಿ ಕಳೆ. ಕ್ಷೇಮಸಮಾಚಾರ ಆಮೇಲೆ, ಮೊದಲ ಮಾತು "ನೀರು ಬಿಟ್ರೇನ್ರೀ?" ಎರಡನೇ ಬೆಳೆಗೆ ನೀರುಂಟೋ ಇಲ್ಲವೋ ಎಂದು ಐಸಿಸಿ, ಅಂದರೆ ನೀರಾವರಿ ಸಲಹಾ ಸಮಿತಿಯ ಸಭೆ ಹೇಳುವವರೆಗೆ ಲಗ್ನದ ಮಾತುಕತೆಗಳೂ ಅರ್ಧಕ್ಕೇ ನಿಂತಿರುತ್ತವೆ. 133 ಟಿಎಂಸಿ ಹಿಡಿಯಲೆಂದು ಕಟ್ಟಿದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. ಇದನ್ನು ಎಲ್ಲರೂ ಬಲ್ಲರು, ಪ್ರತಿ ಚುನಾವಣೆಯಲ್ಲೂ ಕೇಳಿದ್ದಾರೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಊರೆಲ್ಲ ಎಂಜಿನಿಯರಾಯಿತು. ಮಿರ್ಚಿ ಕರಿಯುವವನೂ ಸ್ಟಾಪ್‌ಲಾಗ್ ಎಂಬುದನ್ನು ಒಗ್ಗರಣಿ ಎಂಬಷ್ಟೇ ಸಲೀಸಾಗಿ ಉಚ್ಚರಿಸಿದ. ಹರಿಯುವ ನೀರಿನಲ್ಲೇ ಆ ಹೆಸರಿನ ತಾತ್ಕಾಲಿಕ ಗೇಟು ಇಳಿಸಿದ ಮೇಲೆ ಜನ ಮತ್ತೆ ತಂತಮ್ಮ ವೃತ್ತಿಗೆ ಮರಳಿದರು.

ಈ ದೋಷಗಳ ಪಟ್ಟಿಯನ್ನು ಕುಷ್ಟಗಿ, ಯಲಬುರ್ಗಾದವರ ಮುಂದೆ ಓದಬಾರದು. ಅಲ್ಲಿ ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಜಡಿದು ಮಕ್ಕಳೊಂದಿಗೆ ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುತ್ತಾರೆ. "ನಮ್ಮೂರಾಗ ಸೊಳ್ಳಿ ಭಾಳ್ರೀ" ಎಂದು ಗಂಗಾವತಿಯವ ಗೊಣಗಿದರೆ, "ಸೊಳ್ಳಿಗೂ ನೀರು ಬೇಕಲ್ರೀ, ನಮ್ಮ ಕಡಿ ಅವೂ ಗುಳೆ ಹೋಗ್ಯಾವು" ಎಂದು ಯಲಬುರ್ಗಾದವ ಅಂದಾನು. ಇದಕ್ಕೆ ಉತ್ತರಪಕ್ಷ ನಮಗೆ ಹೊಳೆದಿಲ್ಲ.

ಪ್ರಕೀರ್ಣ

2011ರ ಜನಗಣತಿಯಲ್ಲಿ ಗಂಗಾವತಿ 1.14 ಲಕ್ಷ, ಕೊಪ್ಪಳ 70 ಸಾವಿರ ಚಿಲ್ಲರೆ. ಆದರೂ 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಜಿಲ್ಲಾ ಕೇಂದ್ರವಾದದ್ದು ಕೊಪ್ಪಳ. ಕೊಪ್ಪಳದವರು ಅಶೋಕನ ಎರಡು ಶಾಸನ ತೋರಿಸುತ್ತಾರೆ, ಕವಿರಾಜಮಾರ್ಗ ತಿರುಳ್ಗನ್ನಡದ ಎಲ್ಲೆಯಲ್ಲಿ ಕೊಪಣವನ್ನು ಹೆಸರಿಸಿದೆ ಎನ್ನುತ್ತಾರೆ. ಗಂಗಾವತಿಯವರು ಅಕ್ಕಿ ಚೀಲ ತೋರಿಸುತ್ತಾರೆ. ತಿರುಳ್ಗನ್ನಡದ ವಿಷಯದಲ್ಲಿ ಗಂಗಾವತಿಯ ಮಾರುಕಟ್ಟೆ ಉದಾರಿ: ಕನ್ನಡದಲ್ಲಿ ಶುರುವಾದ ವ್ಯಾಪಾರ ತೆಲುಗಿನಲ್ಲಿ ಚೌಕಾಶಿಯಾಗಿ ಉರ್ದುವಿನಲ್ಲಿ ಲಾರಿ ಹತ್ತುತ್ತದೆ. ಅಕ್ಕಿಯಲ್ಲದೆ ಈ ಊರು ಹೊರಗೆ ಕಳಿಸುವ ಇನ್ನೊಂದು ಸರಕು ನಗೆ. ಅದರ ಮುಖ್ಯ ರಫ್ತುದಾರರು ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶ್. ರೈಲು? 1997ರ ಸುಮಾರಿಗೆ ಮಂಜೂರಾದ ಮುನಿರಾಬಾದ್–ಮೆಹಬೂಬ್‌ನಗರ ಹಳಿಯ ಮೇಲೆ ಗಂಗಾವತಿಗೆ ಗಾಡಿ ಬಂದದ್ದು 2019ರಲ್ಲಿ. ಮಂಜೂರಾತಿಯ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕಿಕೊಂಡು ಬಸ್ಸಿನಲ್ಲೇ ಬೆಂಗಳೂರಿಗೆ ಹೋಗಿತ್ತು.

ನಿರ್ಣಯ

ಗಂಗಾವತಿ ವಾಸಕ್ಕೆ ಯೋಗ್ಯ. ಗುಣ ಬಿಟ್ಟು ದೋಷ, ದೋಷ ಬಿಟ್ಟು ಗುಣ ಬೇಕೆನ್ನುವವರಿಗೆ ಇಲ್ಲಿ ಸೈಟು ಸಿಗುವುದಿಲ್ಲ. ಮನೆ ಕೊಳ್ಳುವವರಿಗೆ ಶಾಸ್ತ್ರೋಕ್ತವಾಗಿ ಒಂದೇ ಸೂಚನೆ: ವಾಸ್ತು ನೋಡಿಸುವ ಮೊದಲು ಹತ್ತಿರದ ಮಿಲ್ಲಿನ ಚಿಮಣಿ ಎಲ್ಲಿದೆ ನೋಡಿ. ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ. ಚಿಮಣಿಯ ಪಡುವಣಕ್ಕೇ ಮನೆ ಹಿಡಿಯಿರಿ.